ಸಿಡಿಲಿನ ಫೋಟೊ: ನಂಬಿಕೆ ಏನು, ನಿಜ ಏನು?

ಏಪ್ರಿಲ್-ಮೇ ತಿಂಗಳ ಇಳಿಹೊತ್ತಿನಲ್ಲಿ ಕುಕ್ಕುವಾಡ ಗ್ರಾಮದ ಗದ್ದೆಬಯಲಿನ ಮೇಲೆ ಮೋಡ ಕಟ್ಟಿದರೆ ಕ್ಯಾಮೆರಾ ಹಿಡಿದು ಭದ್ರಾ ನಾಲೆಯ ಏರಿ ಹತ್ತಬೇಕೆನಿಸುವುದು ಸಹಜ. ಆದರೆ ಭರಣಿ, ಕೃತ್ತಿಕೆ ಮಳೆಯ ಈ ಕಾಲವೇ ಸಿಡಿಲಿನ ಕಾಲ. ಒಳ್ಳೆಯ ಚಿತ್ರಕ್ಕೂ ಜೀವಕ್ಕೂ ದೂರವೇ ಲೇಸು.

ತಪ್ಪು ಕಲ್ಪನೆ: ಮೋಡದ ಬೆನ್ನು ಹತ್ತಿದರೇ ಒಳ್ಳೆಯ ಫೋಟೊ.
ಸತ್ಯ: ಬೆನ್ನು ಹತ್ತುವ ಪದ್ಧತಿ ಅಮೆರಿಕದ ಬಯಲಿನದು. ಅಲ್ಲಿ ಮೇಲ್ಮಟ್ಟದ ಗಾಳಿ ಜೋರು, ಒಂದೇ ಮೋಡ ಗಂಟೆಗಟ್ಟಲೆ ಉಳಿದು ದೂರ ಸಾಗಬಲ್ಲದು. ಬಿಸಿಲ ಝಳ ಮತ್ತು ಕಡಲಿನ ತೇವದಿಂದ ಹುಟ್ಟುವ ನಮ್ಮ ಮುಂಗಾರುಪೂರ್ವ ಮೋಡ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಕರಗುತ್ತದೆ. ಪಕ್ಕದಲ್ಲಿ ಇನ್ನೊಂದು ಏಳುತ್ತದೆ. 12 ಕಿ.ಮೀ.ಗೂ ಎತ್ತರ ಬೆಳೆಯುವ ಮೋಡ ಬುಡದಿಂದ ನೆತ್ತಿಯವರೆಗೆ ಕಾಣುವುದು ದೂರದಿಂದಲೇ. ಕತ್ತಲಾದ ಮೇಲೆ ಮನೆಯೊಳಗೆ, ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲಿಟ್ಟು 10-20 ಸೆಕೆಂಡ್ ಶಟರ್ ತೆರೆದಿಡಿ. ಆ ಹೊತ್ತಿನಲ್ಲಿ ಹೊಳೆದ ಮಿಂಚು ಚಿತ್ರದಲ್ಲಿ ಮೂಡುತ್ತದೆ.

ತಪ್ಪು ಕಲ್ಪನೆ: ತಲೆಯ ಮೇಲೆ ಮಳೆಯಿಲ್ಲದಿದ್ದರೆ ಭಯವಿಲ್ಲ.
ಸತ್ಯ: ಮಳೆ ಸುರಿಯುವ ಜಾಗದಿಂದ 10 ಕಿ.ಮೀ. ಆಚೆಗೂ ಸಿಡಿಲು ಬಡಿಯಬಲ್ಲದು. ಮಿಂಚಿಗೂ ಗುಡುಗಿಗೂ ನಡುವಿನ ಪ್ರತಿ 3 ಸೆಕೆಂಡಿಗೆ ಸುಮಾರು 1 ಕಿ.ಮೀ. ದೂರ. ಅಂತರ 30 ಸೆಕೆಂಡಿಗಿಂತ ಕಡಿಮೆಯಾದರೆ ಕೂಡಲೇ ಒಳಗೆ ನಡೆಯಿರಿ; ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬೇಡಿ. ‘ಸಿಡಿಲು’, ‘ದಾಮಿನಿ’ ಆ್ಯಪ್‌ಗಳೂ ಮುನ್ನೆಚ್ಚರಿಕೆ ಕೊಡುತ್ತವೆ.

ತಪ್ಪು ಕಲ್ಪನೆ: ಮೊಬೈಲ್ ಸಿಡಿಲನ್ನು ಎಳೆಯುತ್ತದೆ.
ಸತ್ಯ: ಇಲ್ಲ. ಎತ್ತರವಾಗಿ, ಒಂಟಿಯಾಗಿ ನಿಂತದ್ದಕ್ಕೆ ಅಪಾಯ ಹೆಚ್ಚು. ಬಟಾಬಯಲು ಗದ್ದೆಯಲ್ಲಿ, ನಾಲೆ ಏರಿಯ ಮೇಲೆ ಎಲ್ಲಕ್ಕಿಂತ ಎತ್ತರ ನೀವೇ. ಹಾಗೆಂದು ಮರದಡಿ ಓಡಬೇಡಿ: ಮರಕ್ಕೆ ಬಡಿದ ಸಿಡಿಲು ಪಕ್ಕದವರ ಮೈಗೆ ಹಾರುತ್ತದೆ, ನೆಲದಲ್ಲೂ ಹರಿಯುತ್ತದೆ.

ತಪ್ಪು ಕಲ್ಪನೆ: ಗಾಡಿಯ ರಬ್ಬರ್ ಚಕ್ರ ಕಾಪಾಡುತ್ತದೆ.
ಸತ್ಯ: ಕಿಲೋಮೀಟರ್‌ಗಟ್ಟಲೆ ಗಾಳಿಯನ್ನೇ ಸೀಳಿ ಬಂದ ಸಿಡಿಲಿಗೆ ಗೇಣುದ್ದದ ರಬ್ಬರ್ ಅಡ್ಡಿಯಲ್ಲ. ಕಾರಿನಲ್ಲಿ ಕೂತವರನ್ನು ಕಾಯುವುದು ಸುತ್ತಲಿನ ಲೋಹದ ಕವಚ. ವಿದ್ಯುತ್ತು ಅದರ ಮೇಲೆಯೇ ಹರಿದು ನೆಲ ಸೇರುತ್ತದೆ. ಬೈಕ್‌ಗೆ, ತೆರೆದ ಟ್ರ್ಯಾಕ್ಟರ್‌ಗೆ ಆ ರಕ್ಷಣೆಯಿಲ್ಲ.

ತಪ್ಪು ಕಲ್ಪನೆ: ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ.
ಸತ್ಯ: ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಆದರೆ ಹೃದಯ, ಉಸಿರು ನಿಂತಿರಬಹುದು. 108ಕ್ಕೆ ಕರೆ ಮಾಡಿಸಿ; ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಿ. ಮುಟ್ಟಲು ಹೆದರಿ ಸುತ್ತ ನಿಂತು ಕಳೆದ ನಿಮಿಷಗಳಲ್ಲೇ ಉಳಿಯಬಹುದಾಗಿದ್ದ ಜೀವ ಹೋಗುತ್ತದೆ.