ಟವರ್ ಇಲ್ಲದ ಮೊಬೈಲ್ ನೆಟ್‌ವರ್ಕ್: ಸೇವೆಯ ನಕಲು ಯಾರ ಫೋನಿನಲ್ಲಿರಬೇಕು?

2020ರ ಮೇ 20ರಂದು ಅಂಫಾನ್ ಚಂಡಮಾರುತ ಅಪ್ಪಳಿಸಿದಾಗ ಕೋಲ್ಕತಾದ ಹಲವೆಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ, ಮೊಬೈಲ್ ಸಿಗ್ನಲ್ಲೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಟವರ್‌ನ ಹಂಗಿಲ್ಲದೆ ಫೋನಿನಿಂದ ಫೋನಿಗೆ ಸಂದೇಶ ದಾಟಿಸುವ ವ್ಯವಸ್ಥೆಯೇ ಮೊಬೈಲ್ ಅಡ್ ಹಾಕ್ ನೆಟ್‌ವರ್ಕ್. ನಗರದ ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಮೊಬೈಲ್ ಕಂಪ್ಯೂಟಿಂಗ್‌ಗೆಂದೇ ಪ್ರತ್ಯೇಕ ವಿಭಾಗವಿದೆ.

ಪರಿಹಾರ ಶಿಬಿರಗಳ ಪಟ್ಟಿ ಒಬ್ಬ ಕಾರ್ಯಕರ್ತನ ಫೋನಿನಲ್ಲಿದೆ ಎನ್ನಿ. ಆತ ದೂರ ಹೋದರೆ ಅಥವಾ ಬ್ಯಾಟರಿ ಮುಗಿದರೆ ಉಳಿದವರಿಗೆ ಪಟ್ಟಿಯೇ ಸಿಗದು. ಅದಕ್ಕಾಗಿ ನೆಟ್‌ವರ್ಕ್ ಒಡೆಯುವ ಮೊದಲೇ ಬೇರೆ ಫೋನುಗಳಲ್ಲೂ ಆ ಸೇವೆಯ ನಕಲು ಇಡಬೇಕು. ಇದೇ ಸರ್ವಿಸ್ ರೆಪ್ಲಿಕೇಶನ್. ಹಾಗೆಂದು ಎಲ್ಲರ ಫೋನಿಗೂ ಹಾಕಿದರೆ, ಪಟ್ಟಿ ಬದಲಾದಾಗಲೆಲ್ಲ ಅಷ್ಟನ್ನೂ ತಿದ್ದಬೇಕು. ಅದಕ್ಕೂ ಬ್ಯಾಟರಿಯೇ ಖರ್ಚು.

ನೂರಾರು ಜನರನ್ನು ಬೀದಿಗಿಳಿಸಿ ಇದನ್ನು ಪರೀಕ್ಷಿಸುವುದು ಕಷ್ಟ. ಹಾಗಾಗಿ ಎನ್‌ಎಸ್-2ನಂಥ ಸಿಮ್ಯುಲೇಟರ್‌ ಬಳಸುತ್ತಾರೆ. ಅಲ್ಲಿ ಫೋನುಗಳೆಂದರೆ ಓಡಾಡುವ ಚುಕ್ಕೆಗಳು. ಹೆಚ್ಚು ಬಳಕೆಯಲ್ಲಿರುವ ರ್‍ಯಾಂಡಮ್ ವೇಪಾಯಿಂಟ್ ಮಾದರಿಯಲ್ಲಿ ಪ್ರತಿ ಚುಕ್ಕೆ ಯಾವುದೋ ಜಾಗ, ಯಾವುದೋ ವೇಗ ಆರಿಸಿಕೊಂಡು ಹೊರಡುತ್ತದೆ. ಇಲ್ಲೊಂದು ಎಡವಟ್ಟಿದೆ. ಕನಿಷ್ಠ ವೇಗವನ್ನು ಸೊನ್ನೆ ಎಂದಿಟ್ಟರೆ, ತೀರಾ ನಿಧಾನದ ಚುಕ್ಕೆಗಳು ದಾರಿಯಲ್ಲೇ ಉಳಿದು ಸರಾಸರಿ ವೇಗ ಇಳಿಯುತ್ತಲೇ ಹೋಗುತ್ತದೆ ಎಂದು ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ತೋರಿಸಿದರು. ಚುಕ್ಕೆಗಳು ಕದಲದಿದ್ದರೆ ಸಂಪರ್ಕ ಕಡಿಯುವುದೂ ಕಡಿಮೆ. ಆಗ ಎರಡೇ ನಕಲು ಸಾಕೆಂಬ ತಪ್ಪು ಲೆಕ್ಕ ಬರಬಹುದು.

ಅದೂ ಅಲ್ಲದೆ, ಜಾದವ್‌ಪುರದ 8ಬಿ ಬಸ್ ನಿಲ್ದಾಣದ ಜನ ಚುಕ್ಕೆಗಳಂತೆ ಒಬ್ಬೊಬ್ಬರೇ ಚದುರುವುದಿಲ್ಲ. ಗುಂಪಾಗಿ ಬಸ್ ಹತ್ತುತ್ತಾರೆ. ನಕಲು ಇರುವ ಮೂರೂ ಫೋನುಗಳು ಒಂದೇ ಬಸ್ಸಿನಲ್ಲಿ ಹೊರಟುಹೋಗಬಹುದು.