ಕೂಸಿನ ನೆತ್ತಿ, ಕೂಸಿನ ಕಣ್ಣು

ಎಳೆಗೂಸಿನ ತಲೆ ಓರೆಯಾಗಿದ್ದರೆ, ಎಣ್ಣೆ ತಿಕ್ಕಿ ಸರಿಪಡಿಸಬಹುದೇ ಎಂದು ತಾಯಂದಿರು ನಮ್ಮನ್ನು ಕೇಳುವುದುಂಟು. ಮಲಗಿಸುವ ಭಂಗಿಯಿಂದ ಚಪ್ಪಟೆಯಾದ ತಲೆ ಬಹುಮಟ್ಟಿಗೆ ಬೆಳೆಯುತ್ತ ಸುಧಾರಿಸುತ್ತದೆ. ಆದರೆ ತಲೆಬುರುಡೆಯ ಸಂಧಿಗಳು ಅಕಾಲದಲ್ಲಿ ಬೆಸೆದುಕೊಂಡಿದ್ದರೆ ಯಾವ ಅಭ್ಯಂಗವೂ ಅವನ್ನು ಬಿಡಿಸಲಾರದು. ಸುಶ್ರುತರು ತಲೆಯ ಐದು ಸಂಧಿಗಳನ್ನು ‘ಸೀಮಂತ’ವೆಂಬ ಮರ್ಮಗಳಾಗಿ ಎಣಿಸಿದ್ದಾರೆ. ಅವನ್ನು ಒತ್ತಿ ತಿದ್ದಲೆಳಸುವುದು ಸಲ್ಲದು. ಎಣ್ಣೆಯ ಭರವಸೆಯಲ್ಲಿ ತಿಂಗಳುಗಳನ್ನು ಕಳೆದು ಬಂದವರನ್ನು ಕಂಡು ನಾವು ಮರುಗಿದ್ದೇವೆ.

ಕ್ರೇನಿಯೋಸಿನೋಸ್ಟೋಸಿಸ್ ಎಂಬ ಈ ಸ್ಥಿತಿಗೆ ನೇತ್ರತಜ್ಞರೇಕೆ? ಬೆಳೆಯುವ ಮಿದುಳಿಗೆ ಎಡೆ ಸಾಲದೆ ಒತ್ತಡ ಹೆಚ್ಚಿದರೆ ಕಣ್ಣಿನ ನರದ ತುದಿ ಬಾತುಕೊಳ್ಳಬಹುದು. ಅದು ಬಹುಕಾಲ ಉಳಿದರೆ ದೃಷ್ಟಿಗೇ ಅಪಾಯ. ಮೆಳ್ಳೆಗಣ್ಣೂ ಕಾಣಿಸಿಕೊಳ್ಳಬಹುದು. ಕೂಸು ಹೇಳಲಾರದು, ಪರೀಕ್ಷೆಯೇ ಹೇಳಬೇಕು.

ಹೊರಡುವ ಮುನ್ನ ಸ್ಕ್ಯಾನ್ ವರದಿ, ಔಷಧಗಳ ಪಟ್ಟಿ, ಕಣ್ಣು ಓರೆಯಾದಾಗ ತೆಗೆದ ಚಿತ್ರಗಳನ್ನು ಜೊತೆಗಿಟ್ಟುಕೊಳ್ಳಬೇಕು. ಅಂದು ಕಾಡಿಗೆ ಬೇಡ. ಪಾಪೆ ಹಿಗ್ಗಿಸುವ ಹನಿ ಹಾಕಿ ಸುಮಾರು ಅರ್ಧ ಗಂಟೆ ಕಾಯಿಸುತ್ತಾರೆ. ಹಾಲು ಯಾವಾಗ ಕುಡಿಸಬೇಕೆಂದು ಮೊದಲೇ ಕೇಳಿಕೊಳ್ಳಿರಿ. ಬಿಸಿಲಿಗೆ ಕುಲಾವಿ ಇರಲಿ. ರೆಪ್ಪೆ ಬಿಡಿಸಿ ಹಿಡಿದಾಗ ಕೂಸು ಅಳುತ್ತದೆ. ಅದಕ್ಕಂಜಿ ಪರೀಕ್ಷೆಯನ್ನು ತಡೆಯಬಾರದು. ಹಿಗ್ಗಿದ ಪಾಪೆ ಸಾಮಾನ್ಯವಾಗಿ ಮರುದಿನಕ್ಕೆ ಮೊದಲಿನಂತಾಗುತ್ತದೆ.

ಅಳದಿರುವಾಗಲೂ ನೆತ್ತಿ ಉಬ್ಬಿದ್ದರೆ, ಪದೇ ಪದೇ ವಾಂತಿಯಾದರೆ, ಅತಿಯಾದ ಮಂಪರು ಕವಿದರೆ, ಕಣ್ಣುಗಳು ಕೆಳಗೇ ನೆಟ್ಟಿದ್ದರೆ, ಗೊತ್ತುಪಡಿಸಿದ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಒಮ್ಮೆ ಕಣ್ಣು ಚೆನ್ನಾಗಿದೆಯೆಂದರೂ ಮುಂದಿನ ತಪಾಸಣೆಗಳನ್ನು ಬಿಡಬಾರದು. ತಲೆ ಬೆಳೆಯುವವರೆಗೂ ಎಚ್ಚರ ಬೇಕು.