ಸಾವಯವ ಏರೋಸಾಲ್ ಕಣಗಳ ನೀರು ಹೀರುವಿಕೆ

ಗಾಳಿಯಲ್ಲಿ ತೇಲುವ, ಇಂಗಾಲದ ಸಂಯುಕ್ತಗಳಿಂದಾದ ಸೂಕ್ಷ್ಮ ಕಣಗಳನ್ನು ಸಾವಯವ ಏರೋಸಾಲ್ ಎನ್ನಲಾಗುತ್ತದೆ. ಇವು ನೀರಾವಿಯನ್ನು ಹೀರಿ ಉಬ್ಬುತ್ತವೆ. ಉಬ್ಬುವ ಪ್ರಮಾಣವು ರಾಸಾಯನಿಕ ರಚನೆಯ ಜೊತೆಗೆ ಕಣದ ಗಾತ್ರವನ್ನೂ ಅವಲಂಬಿಸಿದೆ.

ಬೆಳಗಾವಿ ಜಿಲ್ಲೆಯ ಹಿಡಕಲ್ ಜಲಾಶಯದ ಸುತ್ತಲಿನ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳು ಕಬ್ಬಿನ ಸೀಮೆ. ಕಬ್ಬಿನ ರವದಿಯನ್ನು ಸುಟ್ಟಾಗ ಸೆಲ್ಯುಲೋಸ್ ಒಡೆದು ಲೆವೊಗ್ಲುಕೋಸಾನ್ ಎಂಬ ಸಕ್ಕರೆಯಂಥ ವಸ್ತು ಉಂಟಾಗಿ ಹೊಗೆಯ ಕಣಗಳನ್ನು ಸೇರುತ್ತದೆ. ಮಳೆಗಾಲದಲ್ಲಿ ಬೆಲ್ಲ ಜಿನುಗುವಂತೆ ಇದೂ ತೇವವನ್ನು ಎಳೆದುಕೊಳ್ಳುತ್ತದೆ. ಆದರೆ ಬೆಲ್ಲದ ಅಚ್ಚಿಗೆ ಹೊಂದುವ ಲೆಕ್ಕ ನ್ಯಾನೊಕಣಕ್ಕೆ ಹೊಂದದು.

ಇದಕ್ಕೆ ಕಾರಣ ಕೆಲ್ವಿನ್ ಪರಿಣಾಮ. ಬಾಗಿದ ಮೇಲ್ಮೈಯಿಂದ ನೀರಿನ ಅಣುಗಳು ಸುಲಭವಾಗಿ ತಪ್ಪಿಸಿಕೊಳ್ಳುತ್ತವೆ. ಹನಿ ಕಿರಿದಾದಷ್ಟೂ ಬಾಗು ಹೆಚ್ಚು. ಸಮತಲ ನೀರಿಗೆ ಹೋಲಿಸಿದರೆ 100 ನ್ಯಾನೊಮೀಟರ್ ವ್ಯಾಸದ ಹನಿಯ ಮೇಲಿನ ಆವಿಯ ಒತ್ತಡ ಸುಮಾರು ಶೇ. 2ರಷ್ಟು ಹೆಚ್ಚಿದ್ದರೆ, 20 ನ್ಯಾನೊಮೀಟರ್ ಹನಿಯಲ್ಲಿ ಅದು ಶೇ. 11ರಷ್ಟಾಗುತ್ತದೆ. ಕರಗಿದ ವಸ್ತುವಾದರೋ ಈ ಒತ್ತಡವನ್ನು ತಗ್ಗಿಸುತ್ತದೆ. ಎರಡನ್ನೂ ಒಂದೇ ಸಮೀಕರಣಕ್ಕೆ ತಂದವರು ಸ್ವೀಡನ್ನಿನ ಹಿಲ್ಡಿಂಗ್ ಕೋಹ್ಲರ್. ಅವರ ಪ್ರಸಿದ್ಧ ಪ್ರಬಂಧ 1936ರದು.

2007ರಲ್ಲಿ ಪೆಟರ್ಸ್ ಮತ್ತು ಕ್ರೈಡೆನ್‌ವೈಸ್ ವಸ್ತುವಿನ ಹೀರುವ ಗುಣವನ್ನು 'ಕಪ್ಪಾ' ಎಂಬ ಒಂದೇ ಸಂಖ್ಯೆಯಲ್ಲಿ ಸೂಚಿಸಿದರು. ಕಪ್ಪಾ 0.2 ಎಂದಿಟ್ಟುಕೊಂಡರೆ, ಶೇ. 90 ಸಾಪೇಕ್ಷ ಆರ್ದ್ರತೆಯಲ್ಲಿ 200 ನ್ಯಾನೊಮೀಟರ್ ಒಣಕಣದ ವ್ಯಾಸ ಸುಮಾರು 1.4 ಪಟ್ಟು ಹಿಗ್ಗುತ್ತದೆ. 20 ನ್ಯಾನೊಮೀಟರ್ ಕಣದ್ದು ಸುಮಾರು 1.25 ಪಟ್ಟು ಮಾತ್ರ. ಮೋಡದ ಹನಿಯಾಗಲು 100 ನ್ಯಾನೊಮೀಟರ್ ಕಣಕ್ಕೆ ಶೇ. 0.26ರಷ್ಟು ಅತಿಸಂತೃಪ್ತತೆ ಸಾಕು. 50 ನ್ಯಾನೊಮೀಟರ್ ಕಣಕ್ಕೆ ಶೇ. 0.74 ಬೇಕು.

ಸಾವಯವ ಕಣಗಳಲ್ಲಿ ಇನ್ನೊಂದು ತೊಡಕುಂಟು. ಕೆಲವು ಸಂಯುಕ್ತಗಳು ಸಾಬೂನಿನಂತೆ ಮೇಲ್ಮೈ ಎಳೆತವನ್ನು ಕುಗ್ಗಿಸಿ ಹೀರುವಿಕೆಗೆ ನೆರವಾಗುತ್ತವೆ. ಆದರೆ ಕಣ ತೀರಾ ಚಿಕ್ಕದಾದರೆ, ಹಿಗ್ಗಿದ ಮೇಲ್ಮೈಯನ್ನು ಮುಚ್ಚುವಷ್ಟು ವಸ್ತುವೇ ಅದರಲ್ಲಿ ಇರುವುದಿಲ್ಲ.